ಗ್ಯಾಲರಿಯಲ್ಲಿ ನನ್ನ ಬನಿಯನ್

ಮುಂಬಯಿಯಲ್ಲಿ ಗ್ಯಾಲರಿ ಎಂದರೆ ಬಟ್ಟೆ ಒಣಹಾಕುವ ಜಾಗ. ಊರಿನಿಂದ ಹೊಸದಾಗಿ ಬರುವವರಿಗೆ ಇದನ್ನು ಸ್ಟೇಷನ್ನಿನಲ್ಲೇ ಹೇಳಿಬಿಡುವುದು ಒಳ್ಳೆಯದು. ನಾನು ಉಡುಪಿ ಕಡೆಯಿಂದ ಬಂದಿಳಿದ ದಿನ ಮಾವ "ನಿನಗೆ ಗ್ಯಾಲರಿಯಲ್ಲಿ ಹಾಸಿಗೆ ಹಾಕಿದ್ದೇನೆ" ಅಂದಾಗ, ಸರ್ಕಸ್ಸಿನ ಗ್ಯಾಲರಿ ಮಾತ್ರ ಗೊತ್ತಿದ್ದ ನಾನು ಆ ಹಲಗೆ ಮೆಟ್ಟಿಲ ಮೇಲೆ ಹೇಗಪ್ಪಾ ಮಲಗುವುದು ಎಂದು ಹೆದರಿದ್ದೆ. ನೋಡಿದರೆ ಅದು ಮೂರಡಿ ಅಗಲದ ಬಾಲ್ಕನಿ. ಇಲ್ಲಿನ ಮರಾಠಿಯವರು ಅದನ್ನು ಗ್ಯಾಲರಿ ಅನ್ನುತ್ತಾರೆ, ನಾವೂ ಹಾಗೇ ಅಂದು ಅಭ್ಯಾಸವಾಗಿದೆ. ಒಂದು ತುಳಸಿ ಕುಂಡ, ಒಂದು ಹಳೇ ಸ್ಟವ್, ಮೇಲೆ ನಾಲ್ಕು ಸಾಲು ನೈಲಾನ್ ಹಗ್ಗ, ಕೆಳಗೆ ನಾನು. ರಾತ್ರಿಯಿಡೀ ಅತ್ತೆಯ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮುಂಬಯಿಯಲ್ಲಿ ಇನ್ನೊಂದು ಬಗೆಯ ಗ್ಯಾಲರಿಯೂ ಉಂಟು ಎಂದು ಗೊತ್ತಾದದ್ದು ಒಂದು ಜುಲೈ ತಿಂಗಳಲ್ಲಿ. ದಕ್ಷಿಣ ಮುಂಬಯಿಯ ಕಾಳಾ ಘೋಡಾದಲ್ಲಿ ಹೋಗುತ್ತಿದ್ದಾಗ ಮಳೆ ಹೊಡೆಯಿತು, ಕೊಡೆ ಉಲ್ಟಾ ಆಯಿತು, ಎದುರಿಗೆ ಕಂಡ ಬಾಗಿಲಿಗೆ ನುಗ್ಗಿದೆ. ಅದು 1952ರಲ್ಲಿ ಶುರುವಾದ ಜಹಾಂಗೀರ್ ಆರ್ಟ್ ಗ್ಯಾಲರಿ. ಟಿಕೆಟ್ ಇಲ್ಲ, ಮೈ ಒದ್ದೆಯಾಗಿದ್ದರೂ ಯಾರೂ ಕೇಳುವುದಿಲ್ಲ. ಒಂದು ದೊಡ್ಡ ನೀಲಿ ಚಿತ್ರದ ಮುಂದೆ ಗಲ್ಲಕ್ಕೆ ಕೈಕೊಟ್ಟು ನಿಂತೆ. ಪಕ್ಕದಲ್ಲಿದ್ದ ಗಡ್ಡದವರೂ ಗಲ್ಲಕ್ಕೆ ಕೈಕೊಟ್ಟು ನಿಂತಿದ್ದರು. ಇಪ್ಪತ್ತು ನಿಮಿಷ ಇಬ್ಬರೂ ಆಗಾಗ ತಲೆದೂಗಿದೆವು. ಕಡೆಗೆ ಅವರು ಮೆಲ್ಲಗೆ ನನ್ನ ಕಡೆ ಬಾಗಿ ಹಿಂದಿಯಲ್ಲಿ ಕೇಳಿದರು, "ಹೊರಗೆ ಮಳೆ ನಿಂತಿತಾ?"

ಕಲೆಯ ಜೊತೆ ನನ್ನ ಸಂಬಂಧ ಇಷ್ಟೇ ಇದ್ದುದರಿಂದ, ಪಕ್ಕದ ಮನೆಯ ಪುಟ್ಟಿ ಬಂದು "ಅಂಕಲ್, ನನ್ನ ಡ್ರಾಯಿಂಗ್ ಎಕ್ಸಿಬಿಷನ್ನಿಗೆ ಸಿಲೆಕ್ಟ್ ಆಗಿದೆ, ನೀವು ಬರ್ಲೇಬೇಕು" ಅಂದಾಗ ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

"ಅದ್ರಲ್ಲಿ ನಿಮ್ದೂ ಉಂಟು" ಅಂದಳು.

ತಲೆ ಎತ್ತಿದೆ. "ನನ್ನದು? ಎಂತದ್ದು?"

"ಸರ್‌ಪ್ರೈಸ್!" ಎಂದು ಓಡಿದಳು.

ನಾಲ್ಕನೇ ಕ್ಲಾಸಿನ ಹುಡುಗಿ. ಅವರ ಮನೆಯವರು ಕಾರ್ಕಳದವರು; ಅವರ ಗ್ಯಾಲರಿಗೂ ನಮ್ಮದಕ್ಕೂ ನಡುವೆ ಒಂದು ಗ್ರಿಲ್ ಮಾತ್ರ. ಅವಳು ಅಲ್ಲಿ ಕೂತು ಹೋಂವರ್ಕ್ ಮಾಡುವುದನ್ನು ನಾನು ದಿನಾ ನೋಡುತ್ತೇನೆ. ಅವಳೂ ನನ್ನನ್ನು ನೋಡುತ್ತಿದ್ದಳು ಎಂಬುದು ನನಗೆ ಹೊಳೆದಿರಲಿಲ್ಲ. ಪ್ರದರ್ಶನದ ವಿಷಯ "ನಾನು ದಿನಾ ನೋಡುವುದು" ಎಂದು ಅವಳ ಅಮ್ಮನಿಂದ ತಿಳಿಯಿತು. ಅಂದ ಮೇಲೆ ಅನುಮಾನವೇ ಉಳಿಯಲಿಲ್ಲ. ಮಗು ನನ್ನ ಭಾವಚಿತ್ರ ಬರೆದಿದೆ.

ಆ ವಾರ ನಾನು ಸ್ವಲ್ಪ ಗತ್ತಿನಲ್ಲೇ ಇದ್ದೆ. ಆಫೀಸಿನಲ್ಲಿ ಇಬ್ಬರಿಗೆ ಹೇಳಿಯೂ ಬಿಟ್ಟೆ. ಶನಿವಾರ ರಾತ್ರಿ ತಲೆಗೆ ಬಣ್ಣ ಹಚ್ಚಿಕೊಂಡೆ. ಚಿತ್ರದಲ್ಲಿರುವ ಮುಖಕ್ಕೂ ಎದುರಿಗೆ ನಿಲ್ಲುವ ಮುಖಕ್ಕೂ ಹೋಲಿಕೆ ತಪ್ಪಬಾರದಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ತಲೆಗೆ ಇಷ್ಟು ಮಾಡ್ತೀರಲ್ಲ, ಒಳಗೆ ಹಾಕುವ ಆ ಬನಿಯನ್ ಒಂದು ಬಿಸಾಡಬಾರ್ದಾ? ನೆಲ ಒರೆಸ್ಲಿಕ್ಕೆ ಕೊಡಿ ಅಂತ ದೀಪಾವಳಿಯಿಂದ ಹೇಳ್ತಾ ಇದ್ದೇನೆ."

ಆ ಬನಿಯನ್ನಿನ ಬಗ್ಗೆ ಎರಡು ಮಾತು ಹೇಳಬೇಕು. ತೂತುಗಳಿವೆ, ಒಪ್ಪುತ್ತೇನೆ. ಆದರೆ ಮೇ ತಿಂಗಳ ಮುಂಬಯಿಯಲ್ಲಿ, ಮೈಗೆ ಗಾಳಿ ಬರಬೇಕಾದ ಕಡೆಯಲ್ಲೆಲ್ಲ ಹುಡುಕಿ ಹುಡುಕಿ ತೂತಾಗಿರುವ ಬನಿಯನ್ ಹೊಸದಾಗಿ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೆ ವರ್ಷಗಳು ಬೇಕು.

ಭಾನುವಾರ ಮುಲುಂಡಿನಲ್ಲಿ ಗಾಡಿ ಹತ್ತಿದೆವು. ಪ್ರದರ್ಶನ ಮಾಟುಂಗಾದ ಒಂದು ಶಾಲೆಯ ಹಾಲಿನಲ್ಲಿ, ಹನ್ನೊಂದೂವರೆಗೆ ಉದ್ಘಾಟನೆ. ಭಾನುವಾರ ಎಂದರೆ ಮೆಗಾಬ್ಲಾಕ್. ವಾರವಿಡೀ ನಮ್ಮನ್ನು ಹೊತ್ತು ಸೋತ ಹಳಿಗಳಿಗೆ ಅವತ್ತು ರಿಪೇರಿ. ಸ್ಲೋ ಗಾಡಿ ಫಾಸ್ಟ್ ಹಳಿಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಲ್ಲಿ ಇಲ್ಲ ಎಂಬುದನ್ನು ಕಿವಿಗೊಟ್ಟು ಕೇಳಬೇಕು. ಅನೌನ್ಸ್‌ಮೆಂಟ್ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬಂತು. ನಾನು ಮೂರರಲ್ಲೂ ತಪ್ಪಾಗಿ ಕೇಳಿಸಿಕೊಂಡೆ. ಮಾಟುಂಗಾ ಕಿಟಕಿಯಲ್ಲಿ ಬಂತು, ಕಿಟಕಿಯಲ್ಲೇ ಹೋಯಿತು. ದಾದರಿನಲ್ಲಿ ಇಳಿದು, ಹೊಸ ಜುಬ್ಬಾದಲ್ಲಿ, ಬಿಸಿಲಲ್ಲಿ, ಹಿಂದಕ್ಕೆ ನಡೆದೆವು.

ಬೆಳಿಗ್ಗೆ ಮನೆಯಲ್ಲಿ ತಿಂಡಿ ಮಾಡಿರಲಿಲ್ಲ. ಮಾಟುಂಗಾಕ್ಕೆ ಹೋಗುವವರು ಮನೆಯಲ್ಲಿ ತಿಂದು ಹೋದರೆ ಅದು ಮಾಟುಂಗಾಕ್ಕೆ ಅವಮಾನ. ಆದರೆ ಭಾನುವಾರ ಅಲ್ಲಿನ ಉಡುಪಿ ಹೋಟೆಲುಗಳ ಮುಂದೆ ಇಡೀ ಮುಂಬಯಿ ಸಾಲು ನಿಂತಿರುತ್ತದೆ ಎಂಬುದನ್ನು ಮರೆತಿದ್ದೆವು. ಬಾಗಿಲಲ್ಲಿ ಒಬ್ಬ ಹುಡುಗ ಪುಸ್ತಕ ಹಿಡಿದು ಹೆಸರು ಬರೆದುಕೊಳ್ಳುತ್ತಿದ್ದ. ನಮ್ಮ ನಂಬರು 43. ಒಳಗೆ ಹೋಗುತ್ತಿದ್ದವರು 17. ನಮ್ಮೂರಿನ ಇಡ್ಲಿ ತಿನ್ನಲು ನಮಗೇ ನಂಬರು. ಒಳಗಿನಿಂದ ತುಪ್ಪದ ದೋಸೆಯ ಪರಿಮಳ ಬಂತು, ಸಾಂಬಾರಿನದ್ದು ಬಂತು, ಕಾಫಿಯದ್ದೂ ಬಂತು. ಗಂಟೆ ನೋಡಿ ಹೊರಟುಬಿಟ್ಟೆವು. ಈ ಹಸಿವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಾನು ಮಾಡಿದ್ದಕ್ಕೆ ಇದೊಂದೇ ಸಮಜಾಯಿಷಿ.

ಹಾಲಿನ ಗೋಡೆಗೆ ಉದ್ದಕ್ಕೂ ದಾರ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಚಿತ್ರಗಳನ್ನು ನೇತುಹಾಕಿದ್ದರು. ನೋಡಿದ ಕೂಡಲೇ ನಮ್ಮ ಮನೆಯ ಗ್ಯಾಲರಿಯ ನೆನಪಾಯಿತು. ಆಗಲೇ ನನಗೆ ಎಚ್ಚರವಾಗಬೇಕಿತ್ತು.

ನಾನು ನನ್ನ ಮುಖ ಹುಡುಕುತ್ತ ಹೊರಟೆ. ಮೊದಲ ಸಾಲಿನಲ್ಲಿ ಎಂದಿನ ಸೀನರಿ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ನದಿ, ಒಂದು ಗುಡಿಸಲು, ಆಕಾಶದಲ್ಲಿ ಮೂರು ಹಕ್ಕಿ. ನಾನು ಬರೆದದ್ದೂ ಇದೇ, ನನ್ನ ಅಪ್ಪ ಬರೆದದ್ದೂ ಇದೇ. ಮುಂಬಯಿಯ ಲಾಲ್‌ಬಾಗಿನಲ್ಲಿ ಹದಿನಾರನೇ ಮಹಡಿಯಲ್ಲಿ ಹುಟ್ಟಿ ಬೆಳೆದ ಮಗು ಇದನ್ನು ದಿನಾ ಎಲ್ಲಿ ನೋಡುತ್ತದೆ ಎಂದು ಕೇಳಬಾರದು. ಬಹುಶಃ ಡ್ರಾಯಿಂಗ್ ಕ್ಲಾಸಿನಲ್ಲಿ. ಆಮೇಲೆ ಕಣ್ಣೀರು ಹಾಕುವ ಭೂಮಿ, ಐದಾರು ಕಡೆ. ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡ ಭೂಮಿ ಒಂದು. ನೀರು ಉಳಿಸಿ ಎಂಬ ಪೋಸ್ಟರಿನ ಮೇಲೆ ಯಾರದೋ ವಾಟರ್ ಬಾಟಲಿ ಸೋರಿ ನಲ್ಲಿಯ ಚಿತ್ರದಿಂದ ನಿಜವಾಗಿಯೇ ನೀರು ಇಳಿದಂತಿತ್ತು. ಒಬ್ಬ ಹುಡುಗ ಲೋಕಲ್ ಗಾಡಿ ಬರೆದಿದ್ದ. ಒಳಗೆ ಯಾರೂ ಇಲ್ಲ, ಎಲ್ಲ ತಲೆಗಳೂ ಹೊರಗೆ. "ಒಳಗೆ ಯಾಕೆ ಖಾಲಿ?" ಎಂದೆ. "ಒಳಗೆ ಜಾಗ ಇರ್ಲಿಲ್ಲ" ಅಂದ. ಇದಕ್ಕೆ ಎದುರಾಡುವ ಶಕ್ತಿ ಖಾಲಿ ಹೊಟ್ಟೆಯ ನನಗೆ ಇರಲಿಲ್ಲ.

ಪಕ್ಕದಲ್ಲಿ ದೊಡ್ಡ ಹೊಟ್ಟೆಯ, ನೀಲಿ ಸೊಂಡಿಲಿನ ಚಿತ್ರ. ಅದರ ಎದುರು ಪುಟ್ಟ ಹುಡುಗಿಯೊಬ್ಬಳು ಹೊಗಳಿಕೆಗೆ ಕಾದು ನಿಂತಿದ್ದಳು.

"ಗಣಪತಿ ಬಹಳ ಚೆನ್ನಾಗಿ ಬಂದಿದ್ದಾನೆ ಮಗ."

"ಅದು ಪಪ್ಪ" ಅಂದಳು. "ಅದು ಟೈ."

ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದೆ. ಅದೇ ಹೊಟ್ಟೆ, ಅದೇ ನೀಲಿ ಟೈ. ಭಾನುವಾರವೂ ಟೈ ಕಟ್ಟುವವರು ಮುಂಬಯಿಯಲ್ಲಿದ್ದಾರೆ ಎಂದು ನನಗೇನು ಗೊತ್ತು?

ಅಲ್ಲಿಂದ ಮುಂದೆ "ಬಣ್ಣ ಚೆನ್ನಾಗಿ ತುಂಬಿದ್ದೀ" ಎಂಬ ಒಂದೇ ವಾಕ್ಯದಲ್ಲಿ ಕಾಲ ಹಾಕಿದೆ. ಪೆನ್ಸಿಲ್ ಚಿತ್ರಕ್ಕೂ ಒಮ್ಮೆ ಹಾಗೆಂದೆ.

ಮೂಲೆಯೊಂದರಲ್ಲಿ ಹದಿನೈದು ಮಕ್ಕಳು ಅರ್ಧಚಂದ್ರಾಕಾರದಲ್ಲಿ ನೆಲದ ಮೇಲೆ ಕೂತಿದ್ದರು. ತುಟಿಪಿಟಿಕ್ ಎನ್ನದ ಮೌನ. ಅವರ ಎದುರಿಗೆ ಒಂದು ಸ್ಟೂಲು, ಅದರ ಮೇಲೆ ನೀಲಿ ಬಟ್ಟೆ, ಬಟ್ಟೆಯ ಮೇಲೆ ಫಳಫಳ ಹೊಳೆಯುವ ಹಿತ್ತಾಳೆ ಕಲಶ, ಪಕ್ಕದಲ್ಲಿ ನಾಲ್ಕು ಏಲಕ್ಕಿ ಬಾಳೆಹಣ್ಣು. ನೀವೇ ಹೇಳಿ. ಕಲಶ, ಬಾಳೆಹಣ್ಣು, ಎದುರಿಗೆ ಭಕ್ತಿಯಿಂದ ಕೂತ ಮಕ್ಕಳು. ಉಡುಪಿ ಕಡೆಯವನಿಗೆ ಇದು ಪೂಜೆಯಲ್ಲದೆ ಬೇರೇನಾಗಿ ಕಾಣಬೇಕು? ಉದ್ಘಾಟನೆಗೆ ಮುಂಚೆ ಗಣಹೋಮ ಮುಗಿಸಿರಬೇಕು ಅಂದುಕೊಂಡೆ. ಚಪ್ಪಲಿ ಕಳಚಿದೆ. ಕಲಶಕ್ಕೆ ಕೈಮುಗಿದೆ. ಒಂದು ಹಣ್ಣು ತೆಗೆದು ಕಣ್ಣಿಗೊತ್ತಿಕೊಂಡು ಸುಲಿದು ಎರಡೇ ತುತ್ತಿಗೆ ಮುಗಿಸಿದೆ. ಸಿಪ್ಪೆಯನ್ನು ಎಲ್ಲಿ ಹಾಕುವುದೆಂದು ತೋಚದೆ ಅದೇ ಸ್ಟೂಲಿನ ಅಂಚಿನಲ್ಲಿಟ್ಟೆ.

ಹದಿನೈದು ಪೆನ್ಸಿಲುಗಳು ಗಾಳಿಯಲ್ಲಿ ನಿಂತವು.

"ಮಿಸ್!" ಒಬ್ಬ ಹುಡುಗ ಕಿರುಚಿದ. "ಅಂಕಲ್ ನಮ್ಮ ವಸ್ತುಚಿತ್ರ ತಿಂದ್ರು!"

ಇಲ್ಲಿ ಕರ್ನಾಟಕದ ಓದುಗರಿಗೆ ಸ್ವಲ್ಪ ವಿವರ ಬೇಕು. ಮಹಾರಾಷ್ಟ್ರದಲ್ಲಿ ಶಾಲೆಯ ಮಕ್ಕಳಿಗೆ ಸರಕಾರದ ಚಿತ್ರಕಲಾ ಪರೀಕ್ಷೆಗಳಿವೆ: ಮೊದಲು ಎಲಿಮೆಂಟರಿ, ಆಮೇಲೆ ಇಂಟರ್‌ಮೀಡಿಯೆಟ್. ಎದುರಿಗೆ ಪಾತ್ರೆ, ಹಣ್ಣು ಇಟ್ಟು ನೋಡಿ ಬಿಡಿಸುವುದು ವಸ್ತುಚಿತ್ರ. ಕಂಡದ್ದನ್ನು ನೆನಪಿನಿಂದ ಬಿಡಿಸುವುದು ಸ್ಮರಣಚಿತ್ರ. ಚಿತ್ತಾರದ ವಿನ್ಯಾಸಕ್ಕೆ ಬೇರೆ ಪೇಪರು, ರೇಖಾಗಣಿತಕ್ಕೂ ಅಕ್ಷರ ಬರವಣಿಗೆಗೂ ಬೇರೆ. ಇಂಟರ್‌ಮೀಡಿಯೆಟ್ ಪಾಸಾದರೆ ಎಸ್ಸೆಸ್ಸಿಯಲ್ಲಿ, ಅಂದರೆ ಹತ್ತನೇ ಕ್ಲಾಸಿನಲ್ಲಿ, ಹೆಚ್ಚುವರಿ ಅಂಕ ಸಿಗುತ್ತದೆಂದು ತಿಳಿದ ದಿನದಿಂದ ನಮ್ಮ ಬಿಲ್ಡಿಂಗಿನ ಹೆತ್ತವರಿಗೆಲ್ಲ ಕಲೆಯ ಬಗ್ಗೆ ಅಪಾರ ಗೌರವ. ಅವತ್ತು ಆ ಮಕ್ಕಳು ಬಂದವರಿಗೆ ತೋರಿಸಲೆಂದು ವಸ್ತುಚಿತ್ರ ಬಿಡಿಸುತ್ತ ಕೂತಿದ್ದರು. ಮುಕ್ಕಾಲು ಗಂಟೆಯ ಕೆಲಸ ಆಗಿತ್ತು. ಮಾಡೆಲಿನ ಕಾಲು ಭಾಗ ನನ್ನ ಹೊಟ್ಟೆಯಲ್ಲಿತ್ತು.

"ನಾನು ಆ ಹಣ್ಣಿಗೆ ಶೇಡಿಂಗ್ ಮಾಡ್ತಾ ಇದ್ದೆ" ಎಂದು ಒಬ್ಬಳು ಅಳುವ ಹಂತಕ್ಕೆ ಬಂದಳು. ನಾನು ಜುಬ್ಬಾದ ಜೇಬಿಗೆ ಕೈಹಾಕಿ, ಈಗಲೇ ಮಾರ್ಕೆಟಿನಿಂದ ಒಂದು ಡಜನ್ ತರುತ್ತೇನೆ ಅಂದೆ. "ಬೇರೆ ಹಣ್ಣು ಬೇರೆ ಬೆಂಡ್ ಇರ್ತದೆ ಅಂಕಲ್" ಎಂದು ಮೊದಲು ಕಿರುಚಿದವನು ಕನಿಕರದಿಂದ ವಿವರಿಸಿದ. ನನ್ನ ಹೆಂಡತಿ ಹಾಲಿನ ಇನ್ನೊಂದು ತುದಿಗೆ ಹೋಗಿ, ಪರಿಚಯವಿಲ್ಲದವಳಂತೆ ಕಣ್ಣೀರಿಡುವ ಭೂಮಿಯೊಂದನ್ನು ನೋಡುತ್ತ ನಿಂತಿದ್ದಳು.

ಡ್ರಾಯಿಂಗ್ ಮಿಸ್ ತಾಳ್ಮೆಯ ಹೆಂಗಸು. ಸಿಪ್ಪೆಯನ್ನು ನೋಡಿದರು, ನನ್ನನ್ನು ನೋಡಿದರು. "ಪರವಾಗಿಲ್ಲ ಮಕ್ಕಳೇ. ಮೂರು ಹಣ್ಣು ವಸ್ತುಚಿತ್ರ. ನಾಲ್ಕನೆಯದ್ದು ಸ್ಮರಣಚಿತ್ರ" ಅಂದರು.

ಹೆಚ್ಚಿನವರು ಹಾಗೇ ಮಾಡಿದರು. ಇಬ್ಬರು ಮಾತ್ರ ಸತ್ಯ ಬಿಡಲೊಲ್ಲದವರು. ಒಬ್ಬಳು ನಾಲ್ಕನೆಯದ್ದನ್ನು ರಬ್ಬರಿನಿಂದ ಅಳಿಸಿ ಸಿಪ್ಪೆಯನ್ನು ಬಿಡಿಸಿದಳು. ಕಿರುಚಿದ ಹುಡುಗ ಹಣ್ಣಿನ ಕಡೆ ಚಾಚಿದ ಒಂದು ಕೈ ಬಿಡಿಸಿದ. ಕೈಗೆ ಗಡಿಯಾರ, ಗಡಿಯಾರದಲ್ಲಿ ಹನ್ನೊಂದು ಗಂಟೆ ಇಪ್ಪತ್ತೆಂಟು ನಿಮಿಷ.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು. ಹೋಟೆಲ್ ಉದ್ಯಮದವರು, ದಾನಿಗಳು, ಮಾತು ಬಲ್ಲವರು. ಮುಂಬಯಿ ಕನ್ನಡಿಗರ ಯಾವ ಕಲಾ ಕಾರ್ಯಕ್ರಮವೂ ಕೆ.ಕೆ. ಹೆಬ್ಬಾರರ ಹೆಸರಿಲ್ಲದೆ ದಡ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹುಡುಗ ಮುಂಬಯಿಗೆ ಬಂದು ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಕಲಿತು, ಕುಣಿಯುವವರನ್ನು ನಾಲ್ಕಾರು ಗೆರೆಗಳಲ್ಲಿ ಕುಣಿಸಿ, ಪದ್ಮಭೂಷಣದವರೆಗೆ ಹೋದ ಕಥೆಯನ್ನು ಅತಿಥಿಗಳು ಚೆನ್ನಾಗಿಯೇ ಹೇಳಿದರು. "ಹೆಬ್ಬಾರರಿಗೆ ಒಂದು ಗೆರೆ ಸಾಕಿತ್ತು" ಎಂದು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದರು. ಅದು ಬಾಳೆಹಣ್ಣಿನ ಆಕಾರದಲ್ಲಿತ್ತು. ನಾನು ತಲೆ ತಗ್ಗಿಸಿದೆ.

ಭಾಷಣದ ನಂತರ ಚಿತ್ರ ವೀಕ್ಷಣೆ. ಅತಿಥಿಗಳು ಮುಂದೆ, ನಾವೆಲ್ಲ ಹಿಂದೆ. ಒಂದು ಚಿತ್ರದ ಮುಂದೆ ಅವರು ಗಕ್ಕನೆ ನಿಂತರು. ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದರು, ಹಾಕಿಕೊಂಡರು. ನಾನೂ ಇಣುಕಿದೆ. ಕಪ್ಪು ಸರಳುಗಳು. ಸರಳುಗಳ ಹಿಂದೆ ಒಂದು ಹಗ್ಗ. ಹಗ್ಗದಲ್ಲಿ ಇಡೀ ಹಾಳೆಯನ್ನು ತುಂಬಿದ ಬಿಳಿಯದೊಂದು ವಸ್ತು, ಅದರ ತುಂಬ ಕಪ್ಪು ಚುಕ್ಕೆಗಳು.

"ಇದು ನೋಡಿ" ಎಂದು ಅತಿಥಿಗಳು ತಗ್ಗಿದ ದನಿಯಲ್ಲಿ ಹೇಳಿದರು. "ಇದು ಬಿಳಿ ಬಾವುಟ. ಶಾಂತಿಯ ಬಾವುಟ. ಅದನ್ನೂ ಕಂಬಿಯ ಹಿಂದೆ ಇಟ್ಟಿದ್ದೇವೆ. ಅದಕ್ಕೂ ಗುಂಡು ಹೊಡೆದಿದ್ದೇವೆ. ಒಂದು, ಎರಡು, ಮೂರು... ಆರು ಗುಂಡು. ಇಷ್ಟು ಸಣ್ಣ ಮಗುವಿಗೆ ಯುದ್ಧದ ಬಗ್ಗೆ ಇಷ್ಟು ಗೊತ್ತುಂಟು. ನಮಗೆ?"

ಹಾಲಿನಲ್ಲಿ ಮೌನ. ಯಾರೋ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತು. ಮೊದಲು ಚಪ್ಪಾಳೆ ಹೊಡೆದದ್ದು ನಾನೇ. ಜೋರಾಗಿ, ತಲೆಯ ಮೇಲೆ ಕೈಯೆತ್ತಿ.

"ಅಂಕಲ್, ಅದು ಬಾವುಟ ಅಲ್ಲ" ಎಂದಿತು ಒಂದು ಪರಿಚಿತ ದನಿ. ಪುಟ್ಟಿ ಜನರ ಕಾಲುಗಳ ನಡುವೆ ನುಸುಳಿ ಮುಂದೆ ಬಂದಳು. "ಅದು ಬನಿಯನ್. ಅದು ಗುಂಡು ಅಲ್ಲ, ಹೋಲ್."

"ಯಾರ ಬನಿಯನ್ ಮಗ?" ಎಂದರು ಅತಿಥಿಗಳು, ಇನ್ನೂ ಯುದ್ಧಭೂಮಿಯಿಂದ ಪೂರ್ತಿ ಹಿಂತಿರುಗದೆ.

"ಇವರ್ದು." ಬೆರಳು ನೇರ ನನ್ನ ಕಡೆ. ನನ್ನ ಕೈಗಳು ಇನ್ನೂ ತಲೆಯ ಮೇಲೆಯೇ ಇದ್ದವು.

ಚಿತ್ರದ ಕೆಳಗೆ ದುಂಡಗೆ ಹೆಸರು ಬರೆದಿತ್ತು: "ನಮ್ಮ ಪಕ್ಕದ ಗ್ಯಾಲರಿ."

ಕಾಳಾ ಘೋಡಾದಲ್ಲಿ ಹಿಂದೆ ಏಳನೇ ಎಡ್ವರ್ಡ್ ದೊರೆ ಕುದುರೆಯ ಮೇಲೆ ಕೂತ ಕಪ್ಪು ಪ್ರತಿಮೆಯಿತ್ತಂತೆ. 1965ರಲ್ಲಿ ಅದನ್ನು ತೆಗೆದು ಬೈಕಲಾದ ರಾಣಿಬಾಗ್ ಮೃಗಾಲಯಕ್ಕೆ ಸಾಗಿಸಿದರು. 2017ರಲ್ಲಿ ಹೊಸ ಕುದುರೆ ನಿಲ್ಲಿಸಿದಾಗ ಮೇಲೆ ಸವಾರನಿಲ್ಲ. ಆ ಖಾಲಿ ಬೆನ್ನನ್ನು ನೋಡಿದಾಗೆಲ್ಲ ದೊರೆಗೆ ಎಷ್ಟು ಬೇಜಾರಾಗಿರಬಹುದು ಅಂದುಕೊಳ್ಳುತ್ತಿದ್ದೆ. ಈಗ ಚೆನ್ನಾಗಿ ಅರ್ಥವಾಯಿತು. ತಲೆಗೆ ಬಣ್ಣ ಹಚ್ಚಿ ಬಂದವನು ನಾನು, ಗೋಡೆಯ ಮೇಲೆ ಜಾಗ ಸಿಕ್ಕಿದ್ದು ನನ್ನ ಬನಿಯನ್ನಿಗೆ.

ಆಮೇಲೆ ಆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಅತಿಥಿಗಳು ದೊಡ್ಡ ಮನುಷ್ಯರು, ಹೊಟ್ಟೆ ಹಿಡಿದು ನಕ್ಕರು, ನನ್ನ ಬೆನ್ನು ತಟ್ಟಿದರು, ಚಿತ್ರದ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ನೀಲಿ ಟೈಯವರು ಬಂದು ಬಹಳ ಸಂತೋಷದಿಂದ ಕೈಕುಲುಕಿ ಹೋದರು. ಪುಟ್ಟಿಗೆ ಬಹುಮಾನ ಬಂತು. ನಾವು ಹೋಟೆಲಿಗೆ ವಾಪಸು ಬರುವ ಹೊತ್ತಿಗೆ 43 ಕರೆದು ಆಗಿತ್ತು. ಹೊಸ ನಂಬರು 61.

ಗಾಡಿಯಲ್ಲಿ ಹೆಂಡತಿ ಘಾಟ್ಕೋಪರ್ ತನಕ ಮಾತಾಡಲಿಲ್ಲ. ವಿಕ್ರೋಲಿಯಲ್ಲಿ ಒಮ್ಮೆ ನಕ್ಕಳು, ಅಷ್ಟೆ. ಮನೆಗೆ ಬಂದವಳೇ ಗ್ಯಾಲರಿಗೆ ಹೋಗಿ ಹಗ್ಗದಿಂದ ಬನಿಯನ್ ಎಳೆದು ಬೆಳಕಿಗೆ ಹಿಡಿದು ಎಣಿಸಿದಳು.

"ಏಳು ಉಂಟು."

"ಚಿತ್ರದಲ್ಲಿ ಆರೇ ಇತ್ತಲ್ಲ" ಎಂದೆ ಆಸೆಯಿಂದ.

"ಏಳನೆಯದ್ದು ಬೆನ್ನಲ್ಲಿ. ಅದು ಅವಳ ಗ್ಯಾಲರಿಯಿಂದ ಕಾಣುದಿಲ್ಲ." ಇಷ್ಟು ಹೇಳಿ ಅದನ್ನು ಪರ್ರನೆ ನಡುವೆ ಹರಿದು ಎರಡು ಮಾಡಿದಳು. ಒಂದು ನೆಲಕ್ಕೆ, ಒಂದು ಗ್ಯಾಸಿನ ಕಟ್ಟೆಗೆ.

ಮಂಗಳವಾರ ಸಂಜೆ ಪುಟ್ಟಿ ಗ್ರಿಲ್ಲಿಗೆ ಮುಖ ಒತ್ತಿ ಕರೆದಳು. "ಅಂಕಲ್, ಬನಿಯನ್ ಎಲ್ಲಿ? ಎರಡು ದಿನದಿಂದ ಹಾಕ್ಲೇ ಇಲ್ಲ."

"ಯಾಕೆ ಮಗ?"

"ನನ್ನ ಡ್ರಾಯಿಂಗ್ ಇನ್ನೂ ದೊಡ್ಡ ಎಕ್ಸಿಬಿಷನ್ನಿಗೆ ಹೋಗ್ತದೆ. ಫುಲ್ ಶೀಟಿನಲ್ಲಿ ಮತ್ತೆ ಬಿಡಿಸ್ಬೇಕು. ನೆನಪಿನಿಂದ ಅಲ್ಲ, ನೋಡಿಯೇ ಬಿಡಿಸ್ಬೇಕಂತೆ."

ನಾನು ಒಳಗೆ ತಿರುಗಿ ನೋಡಿದೆ. ಹೆಂಡತಿ ಗ್ಯಾಸಿನ ಕಟ್ಟೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದ್ದಳು. ಕೈಯಲ್ಲಿದ್ದ ತುಂಡನ್ನು ನೋಡಿದಳು. ಬಾಗಿಲ ಹಿಂದೆ ಬಕೆಟಿನ ಅಂಚಿನಲ್ಲಿ ನೇತಾಡುತ್ತಿದ್ದ ಇನ್ನೊಂದು ತುಂಡನ್ನು ನೋಡಿದಳು. ನನ್ನನ್ನು ಮಾತ್ರ ನೋಡಲಿಲ್ಲ. ರಾತ್ರಿ ಎರಡನ್ನೂ ಸೋಪಿನ ನೀರಲ್ಲಿ ನೆನೆಹಾಕಿದಳು. ಬೆಳಿಗ್ಗೆ ಹಳದಿ ಕಲೆ ಹೋಗುವಷ್ಟು ಉಜ್ಜಿ, ನೀಲಿ ಅದ್ದಿ, ಫ್ಯಾನಿನಡಿ ಒಣಗಿಸಿ, ಡಬ್ಬಿಯಿಂದ ಸೂಜಿ ದಾರ ತೆಗೆದು ಕೂತಳು. ಏಳರಲ್ಲಿ ಒಂದು ತೂತನ್ನೂ ಮುಚ್ಚಲಿಲ್ಲ.

ಸಂಜೆ ಅದು ಮತ್ತೆ ಹಗ್ಗಕ್ಕೇರಿತು, ಎರಡು ಕ್ಲಿಪ್ಪು ಹಾಕಿ, ಗಾಳಿಗೆ ತಿರುಗದ ಹಾಗೆ. ಪುಟ್ಟಿ ಆ ಕಡೆ ಕುರ್ಚಿ ಎಳೆದುಕೊಂಡು, ಪೆನ್ಸಿಲ್ ಕಚ್ಚಿಕೊಂಡು ತುಂಬ ಹೊತ್ತು ನೋಡಿದಳು.

"ಅಂಕಲ್, ಮಧ್ಯದಲ್ಲಿ ಹೊಲಿಗೆ ಒಂದು ಹೊಸತು ಬಂದಿದೆ. ಅದನ್ನೂ ಹಾಕ್ಲಾ?"

ನಾನು ಬೇಡ ಅನ್ನುವಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಬಂತು.

"ಅದನ್ನು ಸರಿಯಾಗಿ ಹಾಕು ಮಗ. ಅದು ನಾನು ಹೊಲಿದದ್ದು."